ಮಣ್ಣುಗುಂಡಿಯ ಕಳ್ಳಿಪೀರ

ಎರಡನೇ ಪಾಳಿಯ ವಾರ. ಡ್ಯೂಟಿಗೆ
ಮಧ್ಯಾಹ್ನ ಒಂದೂವರೆಯ ತನಕ ಹೊತ್ತಿದೆ.
ಖಾಕಿ ಅಂಗಿಯನ್ನು ಹ್ಯಾಂಡಲ್ಲಿಗೆ ನೇತುಹಾಕಿ
ನಾಲೆಯ ಏರಿಯ ಮೇಲೆ ಟಿವಿಎಸ್ ತಳ್ಳಿಕೊಂಡು
ಬರುತ್ತೇನೆ, ಗಂಜಾಮಿನಾಚೆ, ಮಣ್ಣುಗುಂಡಿಗೆ.

ಶಿವರಾತ್ರಿ ಕಳೆದು ಆರು ದಿನ.
ಚಳಿ ಶಿವಶಿವಾ ಅಂದಾಯಿತು, ಆದರೂ
ಕಬ್ಬಿನ ಗದ್ದೆ ಒಂದಿಷ್ಟನ್ನು ಒಳಗೇ ಉಳಿಸಿಕೊಂಡಿದೆ.
ತಂತಿಯ ಮೇಲೆ ಕವಲುತೋಕೆಗಳು,
ಸೀಟು ಹಿಡಿದು ಕೂತವರಂತೆ ಒತ್ತಿಕೊಂಡು
ಬಡಗಣಕ್ಕೆ ಮುಖ ಮಾಡಿ.
ಕುಂಡೆಕುಸ್ಕಗಳು ಹೋದ ವಾರವೇ ಖಾಲಿ.
ಎಲ್ಲ ಹೊರಡುವವರೇ. ಬರುವವರೆಲ್ಲಿ?
ಹಳೆಯ ವೇಬಿಲ್ಲಿನ ಬೆನ್ನಿಗೆ
ಸೊನ್ನೆ ಬರೆಯುತ್ತೇನೆ. ನಿನ್ನೆಯೂ ಸೊನ್ನೆ.

ಮೊನ್ನೆ ಒಂದು ಎಂದು ಬರೆದು ಹೊಡೆದುಹಾಕಿದ್ದೆ.
ಹಸಿರು ರೆಕ್ಕೆ, ಕಣ್ಣಿಗೆ ಕಾಡಿಗೆಯ ಗೆರೆ,
ನನ್ನೆದೆ ಢವಢವ. ಆಮೇಲೆ ನೋಡಿದರೆ
ವರ್ಷವಿಡೀ ಇಲ್ಲೇ ಇರುವ ಸಣ್ಣ ಕಳ್ಳಿಪೀರ,
ಪಾಸು ಇಟ್ಟುಕೊಂಡ ದಿನದ ಗಿರಾಕಿ.
ಹದಿನೇಳು ವರ್ಷದ ಸರ್ವೀಸು, ಮುಖ ನೋಡಿ
ಎಲ್ಲಿ ಇಳಿಯುವವರೆಂದು ಹೇಳಬಲ್ಲೆ,
ಹಕ್ಕಿಯ ಗದ್ದ ನೋಡಲು ಮರೆತೆ.
ದೊಡ್ಡದಕ್ಕೆ ಗದ್ದ ಹಳದಿ, ಅದರ ಕೆಳಗೆ
ಹುರಿದ ಕಾಫಿಬೀಜದ ಕಂದು,
ಬಾಲ ಮಾತ್ರ ನೀಲಿ. ರೇಷನ್ನಿನ ಸೀಮೆಎಣ್ಣೆಯ ನೀಲಿ,
ಅಲ್ಲ, ಅದಕ್ಕಿಂತ... ಹೇಗೆ ಹೇಳಲಿ.

ದಸ್ತಗೀರ್ ಬರುತ್ತಾನೆ, ಟಿಫನ್ ಬಾಕ್ಸ್ ಹಿಡಿದು,
ಜೆಸಿಬಿಯ ನೆರಳಿಗೆ.
"ಬಂದ್ವಾ ಅಣ್ಣ, ನಮ್ ಪೀರುಗಳು?"
ಈ ಗೋಡೆ ಕಡಿದವನು ಅವನೇ, ಮೂರು ವರ್ಷದ ಹಿಂದೆ,
ರಸ್ತೆಗೆ ಮಣ್ಣು ಬೇಕೆಂದು. ಬಕೆಟ್ಟಿನ ಹಲ್ಲಿನ ಗೀರು
ಇನ್ನೂ ಹಾಗೇ ಇದೆ. ಗೀರಿನುದ್ದಕ್ಕೂ ತೂತುಗಳು,
ಒಂದೊಂದೂ ಮೊಣಕೈ, ಇಲ್ಲ, ಇಡೀ ತೋಳಿನಷ್ಟು ಆಳ.
ಹೊಳೆಯ ದಡ ಇಷ್ಟು ನೆಟ್ಟಗೆ ಎಲ್ಲಿ ಸಿಗುತ್ತದೆ?
ನೆಲ ಬಗೆದ ಪಾಪವೋ, ಮನೆ ಕಟ್ಟಿಕೊಟ್ಟ ಪುಣ್ಯವೋ,
ಅವನು ಲೆಕ್ಕ ಕೇಳುವುದಿಲ್ಲ,
ಚಿತ್ರಾನ್ನ ತಿನ್ನುತ್ತಾನೆ.

ತೆಂಗಿನ ತೋಟದ ಕೆಂಪಾಜಮ್ಮ ಮಾತ್ರ
ಬಾಯ್ತುಂಬ ಬೈಯುತ್ತಾಳೆ: "ಪೀರನಂತೆ ಪೀರ!
ಕಳ್ಳಿ ಅನ್ನಿ ಸಾಕು." ಅವಳವು ಹನ್ನೊಂದು ಜೇನುಪೆಟ್ಟಿಗೆ.
ಹೋದ ಸಲ ತಂತಿಯ ಮೇಲೆ ಕೂತು ಹುಳವನ್ನು
ಬಟ್ಟೆ ಒಗೆದ ಹಾಗೆ ಬಡಿಬಡಿದು
ಕೊಂಡಿ ಕಳಚಿ ನುಂಗಿದ್ದನ್ನು ಅವಳೂ ಕಂಡಿದ್ದಾಳೆ.
ಅವಳಿಗೆ ನಾನೇನು ಹೇಳಲಿ,
ವರ್ಷಕ್ಕೊಂದು ಬಾಟಲಿ ಜೇನು
ಅವಳ ಕೈಯಿಂದಲೇ ಕೊಳ್ಳುವವನು.

"ಈ ಗೋಡೇನೂ ತೆಗೀ ಅಂದವ್ರೆ ಕಂಟ್ರಾಕ್ಟ್ರು,"
ದಸ್ತಗೀರ್ ಅಂದ, ಮುಚ್ಚಳ ಒತ್ತುತ್ತ.
ನಾನು ಸುಮ್ಮನಾದೆ.
"ಹೈಡ್ರಾಲಿಕ್ ಪೈಪು ಒಡ್ದೋಗದೆ ಅಂದಿವ್ನಿ.
ಮುಂಗಾರು ಬರಗಂಟ ಸಿಗಾಕಿಲ್ಲ ಆ ಪೈಪು."
ಅವನ ಬೆನ್ನ ಹಿಂದೆ ಪೈಪು
ಗ್ರೀಸು ಹಚ್ಚಿಕೊಂಡು ಮಿರಮಿರ ಮಿಂಚುತ್ತಿತ್ತು.

ಆಗ ಕೇಳಿತು. ಮೊದಲು ಸದ್ದು, ಆಮೇಲೆ ಹಕ್ಕಿ.
ನನ್ನ ವಿಸಿಲ್ಲಿನೊಳಗಿನ ಕಾಳು
ಮೆಲ್ಲಗೆ ಊದಿದಾಗ ಉರುಳುತ್ತದಲ್ಲ, ಹಾಗೆ.
ಒಂದು. ಮೂರು. ಬಿಸಿಲಿಗೆ ಅಡ್ಡಲಾಗಿ ಜಾರಿ ಏಳು.
ಎಲ್ಲಿ ಹತ್ತಿದವೋ, ಎಷ್ಟು ಸ್ಟೇಜೋ,
ಕೇಳುವ ಬಾಯಿ ನನಗಿರಲಿಲ್ಲ.
ಒಂದು ಬಂದು ಗೋಡೆಗೆ ಆತುಕೊಂಡಿತು,
ಹಳೆಯ ತೂತಿಗೆ ಇಣುಕಿ, ಹಿಂದೆ ಸರಿದು,
ಪಕ್ಕದಲ್ಲಿ ಒಂದು ಚಿಟಿಕೆ ಮಣ್ಣು ಕೆದರಿತು.
ದಸ್ತಗೀರ್ ಅಗಿಯುವುದನ್ನೇ ನಿಲ್ಲಿಸಿದ್ದ.
ಏಳು ಎಂದು ಬರೆದೆ. ಪೆನ್ನು ಒತ್ತಿ ಕಾಗದ ಹರಿಯಿತು.

ಮಧ್ಯಾಹ್ನ ಮಂಡ್ಯದ ಟ್ರಿಪ್ಪು. ಬಾಗಿಲ ತನಕ ಜನ,
ಕಾಲೇಜು ಹುಡುಗರು, ಬೆಲ್ಲದ ಚೀಲ, ಒಂದು ಹುಂಜ.
ನಾಲೆಯ ಸೇತುವೆ ದಾಟುತ್ತಿದ್ದಂತೆ ಪುಟ್ಟಮಾದ
ತಟ್ಟನೆ ಬ್ರೇಕು ಒತ್ತಿದ.
"ಯಾಕಣ್ಣ?"
"ನೀನೇ ಊದುದ್ಯಲ್ಲಾ?"
ವಿಸಿಲ್ಲು ಜೇಬಿನಲ್ಲಿತ್ತು.
ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ.
ಹುಂಜ ಕತ್ತೆತ್ತಿ ಕಿಟಕಿಯಾಚೆ ನೋಡಿತು.
ರೈಟ್ ಅನ್ನುವುದನ್ನು
ನಾನು ಕೊಂಚ ತಡವಾಗಿ ಅಂದೆ.